ಕಿರುನಾಟಕವೂ ಕೇಳುವ ಕಿವಿಯೂ

ಪೂರ್ಣಪ್ರಮಾಣದ ನಾಟಕವನ್ನು ಬರೆಯಲಾರದವನು ಏಕಾಂಕವನ್ನು ಬರೆಯುತ್ತಾನೆ, ಸಾಕಷ್ಟು ನಟರು ದೊರೆಯದ ಸಂಘ ಅದನ್ನು ಆಡಿಸುತ್ತದೆ ಎಂಬ ಭಾವನೆ ಕನ್ನಡ ವಿದ್ವತ್ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಹೊರನಾಡಿನ ಸಂಘಗಳಲ್ಲಂತೂ ಇದಕ್ಕೆ ಪ್ರತ್ಯಕ್ಷ ಸಾಕ್ಷ್ಯವೇ ಸಿಕ್ಕುವಂತಿದೆ. ರಾಜ್ಯೋತ್ಸವದ ಸಂಜೆ ಭಾಷಣಕ್ಕೂ ಊಟಕ್ಕೂ ನಡುವೆ ಉಳಿದ ಅರ್ಧ ಗಂಟೆಯನ್ನು ತುಂಬಲು ಕಿರುನಾಟಕ ಬರುತ್ತದೆ. ಮರುದಿನ ಜನ ನೆನೆಯುವುದು ಮಾತು ಮರೆತು ತಡವರಿಸಿದ ನಟನನ್ನೇ ಹೊರತು ನಾಟಕವನ್ನಲ್ಲ. ಅದರ ಗುಣದೋಷಗಳನ್ನು ಅಳೆಯಲು ಯಾವ ಮಾನದಂಡ ಬೇಕೆಂಬ ಪ್ರಶ್ನೆ ಏಳುವುದೇ ಇಲ್ಲ.

ಈ ತಾತ್ಸಾರಕ್ಕೆ ಪರಂಪರೆಯ ಬೆಂಬಲವೇನೂ ಇಲ್ಲ. ದಶರೂಪಕಗಳಲ್ಲಿ ಅಂಕ, ವ್ಯಾಯೋಗ, ವೀಥಿ, ಭಾಣ ಇವೆಲ್ಲ ಒಂದೇ ಅಂಕದವು. ಭಾಸನದೆಂದು ಹೇಳಲಾಗುವ ಊರುಭಂಗ, ಕರ್ಣಭಾರಗಳನ್ನು ಗಾತ್ರ ನೋಡಿ ಕೀಳೆಂದು ಎಣಿಸಿದ ಸಹೃದಯನಿಲ್ಲ. ಅವುಗಳಲ್ಲಿಯೂ ಇಲ್ಲಿಯ ಚರ್ಚೆಗೆ ಹೆಚ್ಚು ಒದಗುವುದು ಭಾಣ. ಅದರಲ್ಲಿ ರಂಗದ ಮೇಲೆ ಬರುವವನು ವಿಟನೊಬ್ಬನೇ. ಬೀದಿಯಲ್ಲಿ ನಡೆಯುತ್ತ ಎದುರಾದವರನ್ನು ಮಾತನಾಡಿಸುತ್ತಾನೆ; ಎದುರಾದವರು ಪ್ರೇಕ್ಷಕರಿಗೆ ಕಾಣುವುದಿಲ್ಲ. ‘ಏನೆನ್ನುತ್ತೀಯೆ?’ ಎಂದು ಆಕಾಶದತ್ತ ಕೇಳಿ, ಬಂದ ಉತ್ತರವನ್ನು ತಾನೇ ಆಡಿ ತೋರಿಸುತ್ತಾನೆ. ಇದಕ್ಕೆ ಆಕಾಶಭಾಷಿತವೆಂದು ಹೆಸರು. ಶೂದ್ರಕ, ಈಶ್ವರದತ್ತ, ವರರುಚಿ, ಶ್ಯಾಮಿಲಕರ ಹೆಸರಿನ ನಾಲ್ಕು ಭಾಣಗಳು ‘ಚತುರ್ಭಾಣಿ’ಯಾಗಿ 1922ರಲ್ಲಿ ಅಚ್ಚಾದ ಮೇಲೆ, ಒಬ್ಬನೇ ನಟ ಒಂದು ಬೀದಿಯನ್ನೆಲ್ಲ ಜನರಿಂದ ತುಂಬಬಲ್ಲನೆಂಬುದು ಪಂಡಿತರಿಗೆ ಹೊಸದಾಗಿ ಗೋಚರಿಸಿತು. ತಾಳಮದ್ದಲೆಯ ಅರ್ಥಗಾರಿಕೆಯನ್ನೋ ಹರಿಕಥೆಯನ್ನೋ ಕೇಳಿ ಬೆಳೆದ ಕನ್ನಡಿಗನಿಗೆ ಅದರಲ್ಲಿ ಅಚ್ಚರಿಯೇನೂ ಇದ್ದಿರಲಾರದು.

ಇಲ್ಲಿ ಒಂದು ಪದವಿವೇಚನೆ ಅಗತ್ಯ. ಒಂಟಿ ಪಾತ್ರದ ನಾಟಕವನ್ನು ಇತ್ತೀಚೆಗೆ ‘ಸ್ವಗತ’ವೆಂದು ಕರೆಯುವ ರೂಢಿ ಬಂದಿದೆ. ಶಾಸ್ತ್ರದಲ್ಲಿ ಸ್ವಗತವೆಂದರೆ ಪಾತ್ರ ತನಗೆ ತಾನೇ ಆಡಿಕೊಂಡದ್ದು, ಬಳಿಯಲ್ಲಿರುವವರಿಗೂ ಕೇಳಿಸದ್ದು. ಏಕಪಾತ್ರದ ಮಾತು ಹಾಗಲ್ಲ. ಅದು ಯಾರನ್ನೋ ಉದ್ದೇಶಿಸಿದ ಮಾತು. ಸ್ಟ್ರಿಂಡ್‌ಬರ್ಗನ ‘ದಿ ಸ್ಟ್ರಾಂಗರ್’ ಎಂಬ ಕಿರುನಾಟಕದಲ್ಲಿ ಇಬ್ಬರು ಹೆಂಗಸರಿದ್ದಾರೆ. ಮಾತನಾಡುವವಳು ಒಬ್ಬಳೇ, ಆದರೆ ಮಾತಿನ ದಿಕ್ಕನ್ನು ತಿರುಗಿಸುವವಳು ಬಾಯಿ ಬಿಡದ ಇನ್ನೊಬ್ಬಳು. 1930ರಲ್ಲಿ ರಂಗಕ್ಕೆ ಬಂದ ಕಾಕ್ಟೋವಿನ ಏಕಪಾತ್ರದಲ್ಲಿ ಕೇಳುವವನು ಟೆಲಿಫೋನಿನ ಆಚೆಗಿದ್ದಾನೆ. ರಂಗದ ಮೇಲೆ ಇಲ್ಲದವನನ್ನು ಇರುವವನ ಮಾತು ಎಷ್ಟರಮಟ್ಟಿಗೆ ತಂದು ನಿಲ್ಲಿಸಿತು ಎಂಬುದೇ ಕಿರುನಾಟಕದ ಮೊದಲ ಪರೀಕ್ಷೆ. ಈ ಪರೀಕ್ಷೆ ನಡೆಯಬೇಕಾದದ್ದು ಕಣ್ಣಿನಲ್ಲಲ್ಲ, ಕಿವಿಯಲ್ಲಿ.

ಚೆನ್ನೈಯ ಕನ್ನಡಿಗರು ಈ ಮಾತಿಗೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1945ರಲ್ಲಿ ಮದರಾಸಿನಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು ತ್ಯಾಗರಾಜ ಪರಮಶಿವ ಕೈಲಾಸಂ. ಈ ನಗರದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಲಂಡನ್ನಿನಲ್ಲಿ ಭೂವಿಜ್ಞಾನವನ್ನು ಅಭ್ಯಾಸಮಾಡಿ ಬಂದವರು, ಮನೆಮಾತು ತಮಿಳು. ಮರುವರ್ಷವೇ ತೀರಿಕೊಂಡ ಅವರ ಕನ್ನಡ ಕೃತಿರಾಶಿಯನ್ನು ತೂಗಿದರೆ ದೊರೆಯುವುದು ಬಹುಮಟ್ಟಿಗೆ ಕಿರುನಾಟಕಗಳೇ. ಅವುಗಳನ್ನು ಅವರು ಬರೆದರೆನ್ನುವುದಕ್ಕಿಂತ ಹೇಳಿದರೆನ್ನುವುದು ಹೆಚ್ಚು ಸರಿ. ಗೆಳೆಯರ ನಡುವೆ ಕುಳಿತು ಎಲ್ಲ ಪಾತ್ರಗಳನ್ನೂ ತಾವೇ ಆಡುತ್ತಿದ್ದರು, ಹತ್ತಿರವಿದ್ದವರು ಬರೆದುಕೊಳ್ಳುತ್ತಿದ್ದರು. ಹೀಗೆ ನೋಡಿದರೆ ಕೈಲಾಸಂ ಅವರ ಪ್ರತಿಯೊಂದು ಪ್ರಹಸನವೂ ಮೊದಲು ಏಕವ್ಯಕ್ತಿ ಪ್ರದರ್ಶನವಾಗಿ ಹುಟ್ಟಿ, ಆಮೇಲೆ ಹಲವು ನಟರಿಗೆ ಹಂಚಿಹೋದದ್ದು.

ಅಚ್ಚಾದ ಪುಸ್ತಕ ಈ ಹುಟ್ಟಿನ ಗುರುತನ್ನು ಇನ್ನೂ ಹೊತ್ತಿದೆ. ‘ನಮ್ ಬ್ರಾಹ್ಮಣ್ಕೆ’, ‘ಬಂಡ್ವಾಳ್ವಿಲ್ಲದ್ ಬಡಾಯಿ’ ಎಂಬ ಹೆಸರುಗಳನ್ನೇ ನೋಡಬಹುದು. ಸ್ವರಗಳು ಉದುರಿ, ಒತ್ತುಗಳು ಒಂದರ ಮೇಲೊಂದು ಏರಿ, ಕಣ್ಣು ಎಡವುತ್ತದೆ. ಗಟ್ಟಿಯಾಗಿ ಓದಿದೊಡನೆ ಎಡವು ಮಾಯವಾಗುತ್ತದೆ. ಬಡಾಯಿಕೋರ ತನ್ನ ಸುತ್ತ ಕಟ್ಟಿಕೊಳ್ಳುವ ಸಿರಿಸಂಪತ್ತಿನ ಲೋಕ ರಂಗದ ಮೇಲೆ ಎಲ್ಲಿಯೂ ಇಲ್ಲ. ಇರುವುದು ಅವನ ಉಸಿರಿನ ಏರಿಳಿತದಲ್ಲಿ. (ಸಾಲ ಕೇಳಲು ಬಂದವರ ಮಾತನ್ನು ಮೇಜಿನ ಈಚೆ ಕುಳಿತು ಕೇಳಿದ ಬ್ಯಾಂಕಿನವರಿಗೆ ಈ ಉಸಿರಿನ ಪರಿಚಯ ಚೆನ್ನಾಗಿಯೇ ಇರುತ್ತದೆ.) ಇಂಗ್ಲಿಷನ್ನು ಕನ್ನಡದ ಪ್ರತ್ಯಯಗಳಿಂದ ಕಟ್ಟಿಹಾಕುವ ಆ ಮಿಶ್ರಭಾಷೆಯನ್ನು ಕೆಲವರು ಭಾಷಾಮಾಲಿನ್ಯವೆಂದು ಜರೆದದ್ದುಂಟು. ಆ ಭಾಷೆ ಕವಿಯದಲ್ಲ, ಪಾತ್ರದ್ದು. ಯಾವನು ಎಷ್ಟು ಇಂಗ್ಲಿಷು ಬೆರೆಸುತ್ತಾನೆ, ಯಾರ ಮುಂದೆ ಬೆರೆಸುತ್ತಾನೆ, ಯಾರ ಮುಂದೆ ಮರೆಯುತ್ತಾನೆ ಎಂಬುದರಲ್ಲಿಯೇ ಅವನ ಚರಿತ್ರೆಯೆಲ್ಲ ಅಡಗಿದೆ.

ದೋಷವಿಲ್ಲವೆಂದಲ್ಲ. ‘ಟೊಳ್ಳುಗಟ್ಟಿ’ಯಲ್ಲಿ ಹೆಸರೇ ತೀರ್ಪನ್ನು ಕೊಟ್ಟುಬಿಡುತ್ತದೆ: ಪರೀಕ್ಷೆಯಲ್ಲಿ ಮೊದಲಿಗನಾದ ಪುಟ್ಟು ಟೊಳ್ಳು, ಹಿಂದುಳಿದ ಮಾಧು ಗಟ್ಟಿ. ತಕ್ಕಡಿ ಮೊದಲೇ ವಾಲಿರುವಾಗ ತೂಗುವುದಕ್ಕೆ ಏನೂ ಉಳಿಯುವುದಿಲ್ಲ. ಕೊನೆಯ ದೃಶ್ಯಗಳಲ್ಲಿ ಕರುಣರಸವನ್ನು ಒತ್ತಿ ಹಿಂಡುವ ಚಟವೂ ಕೈಲಾಸಂ ಅವರಿಗುಂಟು. ಆಗೆಲ್ಲ ನಾಟಕವನ್ನು ಕಾಪಾಡುವುದು ಕಥೆಯಲ್ಲ, ಮನೆಯ ಹಜಾರದಿಂದ ಎತ್ತಿ ತಂದಂತಿರುವ ಮಾತು.

ಅವರ ಸಮಕಾಲೀನರ ಮತ್ತು ಅನಂತರದವರ ಪ್ರಯತ್ನಗಳು ಹಲವು ದಿಕ್ಕಿನವು. ಬೇಂದ್ರೆಯವರ ‘ಸಾಯೋ ಆಟ’ ಧಾರವಾಡದ ನುಡಿಯಲ್ಲಿ ಹುಚ್ಚು ವಿನೋದವನ್ನೂ ಭಯವನ್ನೂ ಒಟ್ಟಿಗೆ ಕಟ್ಟಿತು. ಶ್ರೀರಂಗರು ಏಕಾಂಕವನ್ನು ಸಮಾಜವಿಮರ್ಶೆಯ ಚಾಟಿಯಾಗಿ ಬಳಸಿದರು. 1960ರ ದಶಕದಲ್ಲಿ ಲಂಕೇಶ್ ಮತ್ತು ಚಂದ್ರಶೇಖರ ಪಾಟೀಲರು ಅಸಂಗತದ ಕಡೆಗೆ ಹೊರಳಿದಾಗ ಕಿರುನಾಟಕಕ್ಕೆ ಮೊದಲ ಬಾರಿಗೆ ವಿಮರ್ಶಕರ ಗೌರವ ಸಂದಿತು. ಕಾಲೇಜಿನ ರಂಗಗಳಲ್ಲಿ ಅವು ಧಾರಾಳವಾಗಿ ನಡೆದವು. ಆದರೆ ಆ ನಾಟಕಗಳಲ್ಲಿ ಹಲವು ಇಂದು ಓದಿದರೆ ಕಾಲದ ವಾಸನೆ ಹೊಡೆಯುತ್ತವೆ, ಮಾತು ಯಾರದೂ ಅಲ್ಲದ್ದಾಗಿ ಕೇಳಿಸುತ್ತದೆ.

ಈಚಿನ ಏಕಪಾತ್ರ ನಾಟಕಗಳಲ್ಲಿ ದೀರ್ಘವಿಚಾರಕ್ಕೆ ಅರ್ಹವಾದದ್ದು ಗಿರೀಶ ಕಾರ್ನಾಡರ ‘ಒಡಕಲು ಬಿಂಬ’. ಕಾರ್ನಾಡರಿಗೂ ಈ ನಗರ ಹೊಸದಲ್ಲ. 1963ರಿಂದ 1970ರವರೆಗೆ ಇಲ್ಲಿಯ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸಮಾಡುತ್ತ, ಮದ್ರಾಸ್ ಪ್ಲೇಯರ್ಸ್ ತಂಡದ ಇಂಗ್ಲಿಷ್ ನಾಟಕಗಳಲ್ಲಿ ತೊಡಗಿಕೊಂಡಿದ್ದವರು. ‘ತುಘಲಕ್’ 1964ರದು. ಅವರ ಮನೆಮಾತು ಕೊಂಕಣಿ ಎಂಬುದನ್ನು ಕೈಲಾಸಂ ಅವರ ತಮಿಳಿನ ಪಕ್ಕದಲ್ಲಿ ಇರಿಸಿ ನೋಡುವುದು ಲೇಸು. ಬೇಂದ್ರೆಯವರ ಮನೆಮಾತು ಮರಾಠಿ. ಕನ್ನಡ ರಂಗದ ಜೀವಂತ ಮಾತನ್ನು ಕಟ್ಟಿದವರಲ್ಲಿ ಕನ್ನಡವನ್ನು ಹೊರಗಿನಿಂದ, ಕಿವಿಗೊಟ್ಟು ಕಲಿತವರ ಪಾಲು ದೊಡ್ಡದು.

2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಈ ನಾಟಕ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಪ್ರಯೋಗಗೊಂಡಿತು. ಕನ್ನಡದಲ್ಲಿ ಅರುಂಧತಿ ನಾಗ್, ಇಂಗ್ಲಿಷಿನಲ್ಲಿ ಅರುಂಧತಿ ರಾಜಾ ಪಾತ್ರವಹಿಸಿದರು. ಮಂಜುಳಾ ನಾಯಕ್ ಕನ್ನಡದಲ್ಲಿ ಕಥೆ ಬರೆದು ಅಷ್ಟಾಗಿ ಹೆಸರು ಮಾಡದವಳು. ಇದ್ದಕ್ಕಿದ್ದಂತೆ ಅವಳ ಇಂಗ್ಲಿಷ್ ಕಾದಂಬರಿಯೊಂದು ಜಗತ್ಪ್ರಸಿದ್ಧವಾಗಿದೆ. ಅದನ್ನಾಧರಿಸಿದ ಚಿತ್ರದ ಪ್ರಸಾರಕ್ಕೆ ಮುನ್ನುಡಿಯಾಗಿ ದೂರದರ್ಶನ ಸ್ಟುಡಿಯೋದಲ್ಲಿ ನಾಲ್ಕು ಮಾತಾಡಿ ಏಳುವಷ್ಟರಲ್ಲಿ, ಪರದೆಯ ಮೇಲಿನ ಅವಳದೇ ಬಿಂಬ ಮಾಯವಾಗದೆ ನಿಂತು ಅವಳನ್ನು ಪ್ರಶ್ನಿಸತೊಡಗುತ್ತದೆ. ನಡೆದಾಡಲಾರದೆ ಗಾಲಿಕುರ್ಚಿಯಲ್ಲಿ ಕಾಲ ಕಳೆದು ತೀರಿಕೊಂಡ ತಂಗಿ ಮಾಲಿನಿಯೇ ಕಾದಂಬರಿಯನ್ನು ಬರೆದವಳು ಎಂಬುದು ಮೆಲ್ಲಮೆಲ್ಲನೆ ಹೊರಬೀಳುತ್ತದೆ.

ಬೆಕೆಟ್ಟನ 1958ರ ‘ಕ್ರ್ಯಾಪ್ಸ್ ಲಾಸ್ಟ್ ಟೇಪ್’ನಲ್ಲಿ ಮುದುಕನೊಬ್ಬ ತನ್ನ ಹಳೆಯ ದನಿಯನ್ನು ಯಂತ್ರದಿಂದ ಕೇಳುತ್ತಾನೆ; ಆದರೆ ಆ ದನಿ ಅವನನ್ನು ಉದ್ದೇಶಿಸಿ ಉತ್ತರಿಸುವುದಿಲ್ಲ. ಇಲ್ಲಿ ಬಿಂಬ ಉತ್ತರಿಸುತ್ತದೆ. ನಟಿಯ ಕಷ್ಟ ಇಲ್ಲಿದೆ: ಮೊದಲೇ ಚಿತ್ರೀಕರಿಸಿದ ಬಿಂಬ ಯಾರಿಗಾಗಿಯೂ ಕಾಯುವುದಿಲ್ಲ. ಜೀವಂತ ಮಂಜುಳೆಯ ಪ್ರತಿಯೊಂದು ತಡೆ, ನಗು, ನಿಟ್ಟುಸಿರು ಯಂತ್ರ ಬಿಟ್ಟುಕೊಟ್ಟ ಬಿಡುವಿನಲ್ಲಿಯೇ ಮುಗಿಯಬೇಕು. ಸಿಕ್ಕಿಬಿದ್ದ ಹೆಣ್ಣಿನ ಇಕ್ಕಟ್ಟು ಅಭಿನಯದ ಇಕ್ಕಟ್ಟೇ ಆಗಿ ಪರಿಣಮಿಸುವುದು ಈ ರಚನೆಯ ನಿಜವಾದ ಜಾಣ್ಮೆ.

ಕನ್ನಡ ಪ್ರಯೋಗಕ್ಕೆ ಇಂಗ್ಲಿಷಿನಲ್ಲಿ ಇಲ್ಲದ ಒಂದು ಮೊನೆಯಿದೆ. ಇಂಗ್ಲಿಷಿನಲ್ಲಿ ಬರೆದುದಕ್ಕೆ ಸಮಜಾಯಿಷಿ ಹೇಳುತ್ತಿರುವವಳು ಅದನ್ನು ಹೇಳುತ್ತಿರುವುದು ಕನ್ನಡದಲ್ಲಿ, ಕನ್ನಡಿಗರಿಗೆ. ಯಾವ ಭಾಷೆಯನ್ನು ಬಿಟ್ಟಳೆಂದು ಆಪಾದನೆಯೋ ಆ ಭಾಷೆಯೇ ಸಾಕ್ಷಿಕಟ್ಟೆಯಲ್ಲಿ ನಿಂತಿದೆ. ಆರಂಭದ ಭಾಷಣದಲ್ಲಿನ ನಯ, ತಯಾರಿ, ತಂಗಿಯನ್ನು ನೆನೆದಾಗಿನ ಅಳತೆಯ ದುಃಖ ಇವನ್ನು ಕೇಳಿದ ಕಿವಿಗೆ ಸುಳ್ಳಿನ ಸುಳಿವು ಆಗಲೇ ಹತ್ತುತ್ತದೆ. ಅಲ್ಲಿಯವರೆಗೆ ನಾಟಕ ಅತ್ಯುತ್ತಮ. ಅನಂತರ ಬಿಂಬ ಸರ್ಕಾರಿ ವಕೀಲನಂತೆ ಒಂದೊಂದಾಗಿ ಗುಟ್ಟನ್ನು ಕೀಳತೊಡಗಿದಾಗ ಪತ್ತೇದಾರಿಕೆಯ ಕುತೂಹಲ ಮುಂದಾಗಿ ಮಾತಿನ ಕುತೂಹಲ ಹಿಂದಾಗುತ್ತದೆ. ಇಷ್ಟಾದರೂ, ಒಂದು ಮಾತನ್ನೂ ಆಡದ ಮಾಲಿನಿ ಕೊನೆಯ ಹೊತ್ತಿಗೆ ರಂಗವನ್ನೆಲ್ಲ ಆಕ್ರಮಿಸಿರುತ್ತಾಳೆ. ಭಾಣದ ಆಕಾಶಭಾಷಿತ ಇಲ್ಲಿ ಮರಣಿಸಿದವಳ ದನಿಯಾಗಿದೆ.

ಈ ವಿಚಾರ ಹೊರನಾಡಿನಲ್ಲಿ ಕೇವಲ ಸಾಹಿತ್ಯತತ್ತ್ವದ ಮಾತಾಗಿ ಉಳಿಯುವುದಿಲ್ಲ. ಚೆನ್ನೈಯ ತೆಂಕಣದಲ್ಲಿ, ಪಲ್ಲಾವರದಾಚೆ ತಾಂಬರಂ ರೈಲುದಾರಿಯ ಮಗ್ಗುಲಲ್ಲಿ ಬೆಳೆದ ಕ್ರೋಂಪೇಟೆಯನ್ನು ತೆಗೆದುಕೊಳ್ಳಬಹುದು. ಕ್ರೋಮ್ ಲೆದರ್ ಕಂಪನಿಯಿಂದ ಬಂದ ಈ ಹೆಸರಿನಲ್ಲಿ ಇಂಗ್ಲಿಷು ಮುಂದೆ, ಪೇಟೆ ಹಿಂದೆ. ಕೈಲಾಸಂ ಕೇಳಿದ್ದರೆ ನಕ್ಕು ಒಂದು ಪಾತ್ರಕ್ಕೆ ಕೊಟ್ಟುಬಿಡುತ್ತಿದ್ದರು. ಇಲ್ಲಿಯ ಕನ್ನಡ ಮನೆಗಳ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು. 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ತಮಿಳು ಕಡ್ಡಾಯ. ಕನ್ನಡ ಊಟದ ಹೊತ್ತಿನ ಮಾತಾಗಿ ಉಳಿದಿದೆ. ಲಿಪಿ ತಿಳಿಯದ ಆ ಮಗುವಿನ ಮುಂದೆ ಕಾದಂಬರಿಯನ್ನು ಇಟ್ಟರೆ ಅದು ಇಟ್ಟಲ್ಲೇ ಇರುತ್ತದೆ. ‘ಬಂಡ್ವಾಳ್ವಿಲ್ಲದ್ ಬಡಾಯಿ’ಯನ್ನು ಮನೆಯ ಹಜಾರದಲ್ಲಿ ನಾಲ್ವರು ಕುಳಿತು ಓದಿದರೆ ಮಗುವಿಗೆ ಬೇಕಾದದ್ದು ಕಿವಿಯೊಂದೇ, ಆ ಕಿವಿ ಇನ್ನೂ ಇದೆ. ಇನ್ನೊಂದು ತಲೆಮಾರು ಕಳೆದರೆ ಇರುತ್ತದೆಂದು ಹೇಳುವ ಧೈರ್ಯ ಯಾರಿಗೂ ಸಾಲದು.

ಆದರೆ ಕೈಲಾಸಂ ಅವರ ಕನ್ನಡ ಹಳೆಯ ಮೈಸೂರಿನ ಬ್ರಾಹ್ಮಣರ ಮನೆಮಾತು. ಮಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಬಂದವರಿಗೆ, ತಲೆಮಾರುಗಳಿಂದ ತಮಿಳುನಾಡಿನಲ್ಲೇ ನೆಲಸಿದ ಕನ್ನಡ ನೇಕಾರ ಮನೆತನಗಳಿಗೆ ಅದು ಅರ್ಧ ಪರಕೀಯ. ಸಂಘಗಳು ಪ್ರತಿವರ್ಷವೂ ಅದೇ ಎರಡು ಮೂರು ಪ್ರಹಸನಗಳನ್ನು ಆಡಿಸುತ್ತಿರುವುದು ಭಕ್ತಿಯಿಂದಲ್ಲ, ಸೋಮಾರಿತನದಿಂದ. ಕನ್ನಡದ ಕ್ರಿಯಾಪದಕ್ಕೆ ತಮಿಳಿನ ನಾಮಪದವನ್ನು ಜೋಡಿಸಿ ಆಡುವ ಇಲ್ಲಿಯ ಮಾತಿಗೆ ಇನ್ನೂ ಅದರ ಕೈಲಾಸಂ ಹುಟ್ಟಬೇಕಾಗಿದೆ. ಸಾಮಗ್ರಿಗೆ ಕೊರತೆಯಿಲ್ಲ. ಕ್ರೋಂಪೇಟೆಯ ಮನೆಯೊಂದರಲ್ಲಿ ಅಜ್ಜಿ ಅಮೆರಿಕದ ಮೊಮ್ಮಗನೊಡನೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ. ಅವನು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾನೆ, ಅರ್ಥವಾಗದ ಅಜ್ಜಿ ಅಡಿಗೆಮನೆಯ ಸೊಸೆಯತ್ತ ತಿರುಗಿ ಅದನ್ನೇ ಕನ್ನಡದಲ್ಲಿ, ತನಗೆ ತೋಚಿದಂತೆ, ಮರಳಿ ಆಡುತ್ತಾಳೆ: ‘ಏನಂದೆ? ಬರ್ತೀನಿ ಅಂದ್ಯಾ?’