ಲೆಕ್ಕ ತಪ್ಪಿದ ಸಿಟ್ಟು

ಬೆಂಗಳೂರಿನ ಬಗ್ಗೆ ಒಂದು ಕತೆ ಎಲ್ಲರ ಬಾಯಲ್ಲೂ ಸಿದ್ಧವಾಗಿದೆ. ಹಿಂದೆ ಇದು ತಣ್ಣನೆಯ ಕನ್ನಡದ ಊರಾಗಿತ್ತಂತೆ. ಐಟಿ ಬಂತು, ಅದರ ಬೆನ್ನಿಗೆ ಉತ್ತರದವರು ಬಂದರು, ಊರು ಊದಿಕೊಂಡಿತು, ಕನ್ನಡ ಸೊರಗಿತು. ಟಿವಿ ಚರ್ಚೆಯಿಂದ ಮದುವೆಮನೆಯ ಪಂಕ್ತಿಯವರೆಗೆ ಇದಕ್ಕೆ ತಲೆದೂಗುವವರೇ ಎಲ್ಲ. ಜನಗಣತಿ ಮಾತ್ರ ಬೇರೆಯದನ್ನು ಹೇಳುತ್ತದೆ.

ಊರು ಅತಿ ವೇಗವಾಗಿ ಬೆಳೆದದ್ದು ಯಾವಾಗ? 1941ರಿಂದ 1951ರೊಳಗೆ ಜನಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1971ರಿಂದ 1981ರ ನಡುವೆ ಸುಮಾರು 16.5 ಲಕ್ಷವಿದ್ದದ್ದು 29 ಲಕ್ಷ ದಾಟಿತು. ಐಟಿಗೆ ದಾರಿ ಮಾಡಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಬಾಗಿಲು ತೆರೆದದ್ದು 1985ರಲ್ಲಿ. ಅದಕ್ಕೂ ಮೊದಲು ಜನರನ್ನು ಸೆಳೆದವು ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್. ಈ ಕಾರ್ಖಾನೆಗಳ ಹೆಸರು ಎತ್ತಿದರೆ ನಮಗೆ ಹೆಮ್ಮೆ. ಊರು ಕೆಡಿಸಿದರೆಂಬ ಅಪವಾದ ಹೊತ್ತವರು ಆಮೇಲೆ ಬಂದವರು.

ಅಪ್ಪಟ ಕನ್ನಡದ ಆ ಊರಾದರೂ ಎಲ್ಲಿತ್ತು? 1638ರ ನಂತರ ಮರಾಠಿ ಮಾತಿನ ಶಹಾಜಿ ಇಲ್ಲಿಂದ ಆಳಿದ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷರ ಸೇನೆ ಇಲ್ಲಿಗೆ ಬಂದು ಬೀಡುಬಿಟ್ಟಿತು. ಅದರ ಜೊತೆಗೆ ಮದ್ರಾಸು ಸೀಮೆಯ ತಮಿಳರೂ ಬಂದರು. 1901ರ ಗಣತಿಯಲ್ಲಿ ಪೇಟೆಯ ಕಡೆ ಸುಮಾರು 69 ಸಾವಿರ ಜನರಿದ್ದರೆ ದಂಡಿನ ಕಡೆ 89 ಸಾವಿರ ಮಂದಿ. ಎರಡೂ ಒಂದೇ ನಗರಸಭೆಗೆ ಸೇರಿದ್ದು 1949ರಲ್ಲಿ. ಹಳೆಯ ಬೆಂಗಳೂರೆಂದು ಹಂಬಲಿಸುವವರು ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ನೆನೆಯುತ್ತಾರೆಯೇ ಹೊರತು ದಂಡಿನ ಕಡೆಯ ಶಿವಾಜಿನಗರವನ್ನಲ್ಲ.

ಇನ್ನು ಭಾಷೆಗಳ ಪಾಲಿನ ಮಾತು. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಿನವರು ನೂರಕ್ಕೆ 44ರಷ್ಟು. ಅದರ ನಂತರದ ಸ್ಥಾನ ತಮಿಳು, ತೆಲುಗು, ಉರ್ದುಗಳದು. ಈ ಮೂರೂ ಇಲ್ಲಿನ ಹಳೆಯ ನೆರೆಯವರೇ. ಎಲ್ಲರೂ ಬೆರಳು ತೋರಿಸುವ ಹಿಂದಿ ಇವುಗಳಲ್ಲಿ ಯಾವುದರ ಅರ್ಧಕ್ಕೂ ಬರುವುದಿಲ್ಲ. ವಲಸೆ ಬಂದವರಲ್ಲೂ ದೊಡ್ಡ ಪಾಲು ನಮ್ಮವೇ ಜಿಲ್ಲೆಗಳದು: ಮಂಡ್ಯ, ತುಮಕೂರು, ಹಾಸನ, ಕಟ್ಟಡದ ಕೆಲಸಕ್ಕೆ ಯಾದಗಿರಿ, ರಾಯಚೂರು. ತಗಡಿನ ಶೆಡ್ಡುಗಳಲ್ಲಿರುವ ಇವರನ್ನು ಹೊರಗಿನವರೆಂದು ಯಾರೂ ಬೈಯುವುದಿಲ್ಲ, ಬೆಂಗಳೂರಿಗರೆಂದೂ ಯಾರೂ ಎಣಿಸುವುದಿಲ್ಲ.

ಜನ ಹೆಚ್ಚಾದ್ದರಿಂದಲೇ ನೀರಿಲ್ಲ ಎನ್ನುವುದೂ ಅರ್ಧ ಸತ್ಯ. 2007ರಲ್ಲಿ 110 ಹಳ್ಳಿಗಳನ್ನು ಬಿಬಿಎಂಪಿಗೆ ಸೇರಿಸಿಕೊಂಡರು. ಅವುಗಳಿಗಾಗಿ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ ಅಲ್ಲಿನ ಬಾಯಾರಿಕೆಯನ್ನು ಟ್ಯಾಂಕರಿನವರ ಕೈಗೆ ಒಪ್ಪಿಸಿದ್ದು ಬಿಹಾರದಿಂದ ಬಂದ ಸೆಕ್ಯುರಿಟಿ ಗಾರ್ಡ್ ಅಲ್ಲ.

ಹಾಗೆಂದು ಕನ್ನಡಿಗರ ಅಳಲು ಸುಳ್ಳಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ನಡೆಯದಿದ್ದರೆ ರೇಗುತ್ತದೆ, ರೇಗಬೇಕು ಕೂಡ. ಆದರೆ ಆ ಕೌಂಟರಿನ ನೇಮಕಾತಿ ನಿಯಮ ಬರೆದವರು ಇನ್ನೆಲ್ಲೋ ಕೂತಿರುತ್ತಾರೆ. ಏಟು ಬೀಳುವುದು ಕೈಗೆ ಸಿಕ್ಕವರಿಗೆ. 1991ರ ಡಿಸೆಂಬರಿನ ಕಾವೇರಿ ಗಲಭೆಯಲ್ಲಿ ಗುಡಿಸಲು ಬಿಟ್ಟು ಓಡಿದವರು ತಮಿಳು ಕೂಲಿಗಳು. ನದಿಯ ಹಂಚಿಕೆಯಲ್ಲಿ ಅವರ ಮಾತು ಎಂದೂ ನಡೆದಿರಲಿಲ್ಲ.

ಸಂಖ್ಯೆ ಇದ್ದೂ ಕನ್ನಡ ಸೊರಗಿದ್ದರೆ ಕಾರಣವನ್ನು ಕೆಲಸದ ಜಾಗದಲ್ಲಿ, ಶಾಲೆಯಲ್ಲಿ ಹುಡುಕಬೇಕು. ಕನ್ನಡಿಗರಿಗೆ ಉದ್ಯೋಗದಲ್ಲಿ ಆದ್ಯತೆ ಕೊಡಬೇಕೆಂದ 1980ರ ದಶಕದ ಸರೋಜಿನಿ ಮಹಿಷಿ ವರದಿಯನ್ನು ಪಕ್ಷಭೇದವಿಲ್ಲದೆ ಎಲ್ಲ ಸರ್ಕಾರಗಳೂ ಹೊಗಳಿದವು, ಪೂರ್ತಿ ಜಾರಿಗೆ ತಂದವರಿಲ್ಲ. ನಾವೂ ಅಷ್ಟೇ: ರಾಜ್ಯೋತ್ಸವಕ್ಕೆ ಬಾವುಟ ಕಟ್ಟಿ, ಜೂನ್ ಬಂದರೆ ಮಕ್ಕಳನ್ನು ಇಂಗ್ಲಿಷ್ ಮೀಡಿಯಮ್ಮಿನ ವ್ಯಾನಿಗೆ ಹತ್ತಿಸುತ್ತೇವೆ. ನಾವು ಬಿಟ್ಟುಬಂದ ಸರ್ಕಾರಿ ಕನ್ನಡ ಶಾಲೆಗಳ ಬೆಂಚುಗಳಲ್ಲಿ ಈಗ ತೆಲುಗು, ತಮಿಳು, ನೇಪಾಳಿ ಮನೆಮಾತಿನ ಕೂಲಿಗಳ ಮಕ್ಕಳೂ ಕೂತಿದ್ದಾರೆ.