ಐನೂರರಲ್ಲಿ ಒಂದು: ಲಿಮಿಟೆಡ್ ಎಡಿಷನ್ ಉಗಿ ಎಂಜಿನ್‌ಗಳ ಲೆಕ್ಕ

ಸಿಡ್ನಿಯ ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ಪ್ಯಾರಮಟ್ಟಾ ಕಡೆಯ ಕನ್ನಡದವರು ಬೆಳಿಗ್ಗೆ ಸಿಟಿಗೆ ಹೋಗುವಾಗ ಗ್ರ್ಯಾನ್‌ವಿಲ್ ದಾಟಿಯೇ ಹೋಗುತ್ತಾರೆ. ಆಸ್ಟ್ರೇಲಿಯಾದ ಅತಿ ಪ್ರಸಿದ್ಧ ಉಗಿ ಎಂಜಿನ್ 3801 ತಯಾರಾದದ್ದು ಅಲ್ಲೇ, ಕ್ಲೈಡ್ ಎಂಜಿನಿಯರಿಂಗ್ ಕಂಪನಿಯಲ್ಲಿ, 1943ರಲ್ಲಿ. ಅದೇ ರೈಲಿನಲ್ಲಿ ರೆಡ್‌ಫರ್ನ್‌ಗೆ ಬಂದರೆ ಪಕ್ಕದಲ್ಲೇ ಈವ್ಲಿ ವರ್ಕ್‌ಶಾಪ್. 1917ರ ಆಗಸ್ಟ್‌ನಲ್ಲಿ ಕಾರ್ಮಿಕರ ಕೆಲಸವನ್ನು ನಿಮಿಷದ ಲೆಕ್ಕದಲ್ಲಿ ಅಳೆಯುವ ಕಾರ್ಡ್ ಪದ್ಧತಿಯನ್ನು ವಿರೋಧಿಸಿ ದೊಡ್ಡ ಮುಷ್ಕರ ಶುರುವಾದ ಜಾಗಗಳಲ್ಲಿ ಅದೂ ಒಂದು. ಇವತ್ತು ಅಲ್ಲಿ ಬ್ಯಾಂಕು, ಟೆಕ್ ಕಂಪನಿಗಳ ಆಫೀಸುಗಳಿವೆ. ನನ್ನಂಥ ಡೇಟಾ ಕೆಲಸದವರು ಎಷ್ಟೋ ಜನ ಅಲ್ಲಿ ಕೂತಿದ್ದಾರೆ. ಮೆಲ್ಬರ್ನ್‌ನಲ್ಲೂ ಹಾಗೇ. ವೆರಿಬಿ, ವಿಲಿಯಮ್ಸ್ ಲ್ಯಾಂಡಿಂಗ್ ಕಡೆಯಿಂದ ಬರುವವರ ಲೈನಿನಲ್ಲೇ ನ್ಯೂಪೋರ್ಟ್ ಇದೆ. ವಿಕ್ಟೋರಿಯಾದ ದೊಡ್ಡ ದೊಡ್ಡ ಎಂಜಿನ್‌ಗಳು ಹುಟ್ಟಿದ ಊರು ಅದು.

ಆ ಎಂಜಿನ್‌ಗಳೆಲ್ಲ ಈಗ ಮೇಜಿನ ಮೇಲೆ ಇಡುವ ಗಾತ್ರದಲ್ಲಿ ಮಾರಾಟಕ್ಕೆ ಬರುತ್ತವೆ. ಚಂದದ ಡಬ್ಬಿ, ಒಳಗೆ ಸ್ಪಂಜಿನ ಹಾಸು, ಮೇಲೊಂದು ಸರ್ಟಿಫಿಕೇಟ್: ಐನೂರರಲ್ಲಿ ನಿಮ್ಮದು ಇಷ್ಟನೆಯದು. ಬರುತ್ತವೆ ಅಂದೆ, ಸಿಗುತ್ತವೆ ಅನ್ನಲಿಲ್ಲ. ನೀವು ವಿಚಾರಿಸುವ ಹೊತ್ತಿಗೆ ಖಾಲಿ. ಈ ಹವ್ಯಾಸದವರು ಎಲ್ಲಿ ಸೇರಿದರೂ ಎಂಜಿನ್ ಬಗ್ಗೆ ಮಾತಾಡುವುದಕ್ಕಿಂತ ಅದನ್ನು ಕೊಳ್ಳೋಕೆ ಪಟ್ಟ ಪಾಡಿನ ಬಗ್ಗೆಯೇ ಹೆಚ್ಚು ಮಾತಾಡ್ತಾರೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಬಹಳ ಸಲ ತಪ್ಪು ಗುರಿಗೆ ಬೀಳುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಎರಡು ಬಗೆಯ ಕೊರತೆ

ಇದನ್ನು ಕೇಳ್ತಿರುವವರು ಒಂದು ಅಂಕಿ ನೆನಪಿಟ್ಟುಕೊಳ್ಳಿ: 87. ಆಸ್ಟ್ರೇಲಿಯಾದಲ್ಲಿ ಹೆಚ್ಚು ಜನ ಸಂಗ್ರಹಿಸುವುದು ಎಚ್‌ಓ ಅನ್ನುವ ಅಳತೆಯಲ್ಲಿ. ಅಂದರೆ ನಿಜವಾದ ಎಂಜಿನ್ನಿನ ಎಂಬತ್ತೇಳನೇ ಒಂದು ಭಾಗ. ಸುಮಾರು 23 ಮೀಟರ್ ಉದ್ದದ 3801 ಈ ಅಳತೆಯಲ್ಲಿ ಸುಮಾರು 27 ಸೆಂಟಿಮೀಟರ್ ಆಗುತ್ತದೆ.

ಇಷ್ಟು ಸಣ್ಣ ವಸ್ತುವನ್ನು ತಯಾರಿಸುವುದು ಸಣ್ಣ ಕೆಲಸ ಅಲ್ಲ. ಪ್ಲಾಸ್ಟಿಕ್ ಮತ್ತು ಲೋಹದ ಭಾಗಗಳಿಗೆ ಉಕ್ಕಿನ ಅಚ್ಚು ಬೇಕು. ಡೀಸೆಲ್ ಎಂಜಿನ್ ಹೊರಗಿಂದ ನೋಡಿದರೆ ಒಂದು ಪೆಟ್ಟಿಗೆ ಇದ್ದ ಹಾಗೆ. ಉಗಿ ಎಂಜಿನ್ ತನ್ನ ಕರುಳನ್ನೆಲ್ಲ ಹೊರಗೆ ಹಾಕಿಕೊಂಡು ನಿಂತಿರುತ್ತದೆ: ಚಕ್ರಗಳನ್ನು ಜೋಡಿಸುವ ಸರಳುಗಳು, ಕೊಳವೆಗಳು, ಪಂಪುಗಳು, ಹಿಂದೆ ಕಲ್ಲಿದ್ದಲಿನ ಟೆಂಡರ್. ಪ್ರತಿ ಭಾಗವನ್ನೂ ಬೇರೆ ಬೇರೆ ಮಾಡಿ, ಕೈಯಿಂದ ಜೋಡಿಸಬೇಕು. ಆ ಅಚ್ಚಿನ ಖರ್ಚು ಹತ್ತು ಸಾವಿರ ಮಾದರಿಗಳ ಮೇಲೆ ಹಂಚಿದರೆ ಹಗುರ, ಕೆಲವೇ ನೂರರ ಮೇಲೆ ಹಂಚಿದರೆ ಭಾರ. ಆಸ್ಟ್ರೇಲಿಯಾದಲ್ಲಿ ಎರಡನೆಯದೇ ಆಗುವುದು. ಮಾರುಕಟ್ಟೆ ಮೊದಲೇ ಚಿಕ್ಕದು. ಅದರಲ್ಲೂ ನ್ಯೂ ಸೌತ್ ವೇಲ್ಸ್ ಎಂಜಿನ್ ಇಷ್ಟಪಡುವವರು ವಿಕ್ಟೋರಿಯಾದ್ದನ್ನು ಮುಟ್ಟುವುದು ಕಡಿಮೆ.

ತಯಾರಿಕೆ ಬಹುಮಟ್ಟಿಗೆ ಚೀನಾದ ಕೆಲವೇ ಕಾರ್ಖಾನೆಗಳಲ್ಲಿ ನಡೆಯುತ್ತದೆ. ಜಗತ್ತಿನ ಅನೇಕ ಬ್ರ್ಯಾಂಡ್‌ಗಳಿಗೆ ಮಾದರಿ ಮಾಡಿಕೊಡುತ್ತಿದ್ದ ಸಂಡಾ ಕಾನ್ ಅನ್ನು 2008ರ ಸುಮಾರಿಗೆ ಬಾಕ್‌ಮನ್‌ನ ಮಾಲೀಕ ಕಂಪನಿ ಕಾಡರ್ ಕೊಂಡುಕೊಂಡಾಗ ಎಷ್ಟೋ ಬ್ರ್ಯಾಂಡ್‌ಗಳು ಬೇರೆ ಕಾರ್ಖಾನೆ ಹುಡುಕಬೇಕಾಯಿತು. ಅಂಥ ಸಾಲಿನಲ್ಲಿ ಕೆಲವು ನೂರು ಎಂಜಿನ್ ಬೇಕು ಅನ್ನುವ ಆಸ್ಟ್ರೇಲಿಯಾದ ಗಿರಾಕಿ ಎಲ್ಲಿ ನಿಲ್ಲುತ್ತಾನೆ ಅಂತ ಹೇಳಬೇಕಾಗಿಲ್ಲ.

ಇದು ಮೊದಲನೆಯ ಬಗೆಯ ಕೊರತೆ. ಇದರ ಮೇಲೆ ಕೋಪ ಮಾಡಿಕೊಂಡು ಪ್ರಯೋಜನವಿಲ್ಲ. ಇದು ಬರೀ ಗಣಿತ.

ಎರಡನೆಯದು ಸರ್ಟಿಫಿಕೇಟಿನ ಕೊರತೆ. 3801ರ ಬಳಗದಲ್ಲಿ ಒಟ್ಟು 30 ಎಂಜಿನ್‌ಗಳಿದ್ದವು. ಕ್ಲೈಡ್‌ನಲ್ಲಿ ಆದ ಮೊದಲ 5ಕ್ಕೆ ಗುಂಡಿನಂಥ ಮೂತಿ, ನುಣುಪಾದ ಹೊದಿಕೆ. ಈವ್ಲಿ ಮತ್ತು ಕಾರ್ಡಿಫ್‌ನಲ್ಲಿ ಆದ ಉಳಿದ 25ಕ್ಕೆ ಮಾಮೂಲಿ ರೂಪ. ಬಣ್ಣಗಳಲ್ಲಿ ಯುದ್ಧಕಾಲದ ಬೂದು, ಆಮೇಲೆ ಹಸಿರು, ಕಪ್ಪು. ಈಗ ಒಂದು ಊಹೆಯ ಲೆಕ್ಕ ಮಾಡೋಣ. ಒಬ್ಬ ತಯಾರಕರು ಎರಡು ರೂಪ, ಎರಡೆರಡು ಬಣ್ಣ, ಪ್ರತಿಯೊಂದಕ್ಕೂ ಎರಡು ನಂಬರ್ ಅಂತ ಎಂಟು ಬಗೆ ತರುತ್ತಾರೆ ಅಂದುಕೊಳ್ಳಿ. ಪ್ರತಿ ಬಗೆಯ ಡಬ್ಬಿಯ ಮೇಲೂ 'ಬರೀ 500' ಅಂತ ಬರೆದಿದೆ. ಬರೆದದ್ದು ಸುಳ್ಳಲ್ಲ. ಆದರೆ ಒಟ್ಟು 4,000 ಎಂಜಿನ್ ಆಯ್ತಲ್ಲ? ಎರಡು ವರ್ಷ ಬಿಟ್ಟು ಅದೇ ಅಚ್ಚಿನಿಂದ ಬೇರೆ ನಂಬರ್ ಹಾಕಿ ಮತ್ತೆ ತಂದರೂ ಮೊದಲಿನ ಸರ್ಟಿಫಿಕೇಟ್ ಸುಳ್ಳಾಗುವುದಿಲ್ಲ. ಲಿಮಿಟೆಡ್ ಆಗಿದ್ದು ನಂಬರ್ ಪ್ಲೇಟ್ ಮಾತ್ರ.

ನನ್ನ ಕೆಲಸದಲ್ಲಿ ಯಾರಾದರೂ ಒಂದು ಅನುಪಾತ ತೋರಿಸಿದರೆ ಮೊದಲು ಕೆಳಗಿನ ಸಂಖ್ಯೆ ಎಲ್ಲಿಂದ ಬಂತು ಅಂತ ಕೇಳ್ತೀವಿ. 'ಐನೂರರಲ್ಲಿ 137' ಅಂದಾಗ ಆ ಐನೂರು ಯಾವುದರ ಐನೂರು? ಸಂಗ್ರಾಹಕರು ಮೇಲಿನ ಸಂಖ್ಯೆಗೆ ದುಡ್ಡು ಕೊಡ್ತಾರೆ, ಕೆಳಗಿನದನ್ನು ಕೇಳುವುದೇ ಇಲ್ಲ.

ಬಡ್ಡಿ ಇಲ್ಲದ ಸಾಲ

ಕೊಳ್ಳುವ ಕ್ರಮ ಹೀಗಿರುತ್ತದೆ: ಮಾದರಿಯ ಘೋಷಣೆ ಆಗುತ್ತದೆ, ನೀವು ಡೆಪಾಸಿಟ್ ಕಟ್ಟುತ್ತೀರಿ, ಕಾಯುತ್ತೀರಿ. ನನ್ನದೇ ಒಂದು ಉದಾಹರಣೆ ಹೇಳ್ತೀನಿ, ಮಾರಿದವರ ಹೆಸರು ಬೇಡ. ವರ್ಷದೊಳಗೆ ಬರುತ್ತೆ ಅಂದ ಎಂಜಿನ್ ಬರೋಕೆ ಮೂರು ವರ್ಷ ಹಿಡಿಯಿತು. ನಡುವೆ ಬೆಲೆ ಎರಡು ಸಲ ಏರಿತು. ಬಂದಾಗ ನಾನು ಕೇಳಿದ ನಂಬರ್ ಮುಗಿದಿತ್ತು. ಬೇರೆ ನಂಬರ್ ತಗೊಳ್ಳಿ ಅಂದರು. ಆಮೇಲೆ ಸ್ವಲ್ಪ ದಿನಕ್ಕೇ ನಾನು ಕೇಳಿದ್ದ ನಂಬರ್, ಡಬ್ಬಿಯ ಸೀಲ್ ಕೂಡ ಒಡೆಯದೆ, ಒಂದೂವರೆ ಪಟ್ಟು ಬೆಲೆಗೆ ಹರಾಜಿನಲ್ಲಿತ್ತು.

ಬೆಲೆ ಏರಿದ್ದಕ್ಕೆ ನನಗೆ ಬೇಜಾರಿಲ್ಲ. ಡಾಲರ್ ಬೀಳುತ್ತೆ, ಕೂಲಿ ಏರುತ್ತೆ, ಹಡಗಿನ ಬಾಡಿಗೆ ಏರುತ್ತೆ. ಚಿಕ್ಕ ಮಾರುಕಟ್ಟೆಯಲ್ಲಿ ಮುಂಗಡ ಹಣ ಇಲ್ಲದೆ ಅಚ್ಚು ಮಾಡಿಸೋಕೆ ಆಗಲ್ಲ ಅನ್ನುವುದೂ ಅರ್ಥವಾಗುತ್ತೆ. ಈ ತಯಾರಕರಲ್ಲಿ ಹೆಚ್ಚಿನವರು ಒಂದಿಬ್ಬರೇ ಸೇರಿ ನಡೆಸುವ ಪುಟ್ಟ ಸಂಸ್ಥೆಗಳು. ಪ್ರೀತಿ ಇಲ್ಲದಿದ್ದರೆ ಈ ದಂಧೆಗೆ ಯಾರೂ ಇಳಿಯೋದಿಲ್ಲ. ಆದರೆ ಮುಂಗಡ ಕಟ್ಟಿದವನು ಬರೀ ಗಿರಾಕಿ ಅಲ್ಲ, ಬಡ್ಡಿ ಇಲ್ಲದೆ ಸಾಲ ಕೊಟ್ಟವನು. ಸಾಲ ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕಿದೆ. ಒಟ್ಟು ಎಷ್ಟು ಮಾಡಿಸುತ್ತೀರಿ, ಇದೇ ಅಚ್ಚನ್ನು ಮತ್ತೆ ಬಳಸುತ್ತೀರಾ, ಬಿಡಿಭಾಗ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ: ಈ ಮೂರು ಪ್ರಶ್ನೆಗೆ ಉತ್ತರ ಘೋಷಣೆಯ ದಿನವೇ ಸಿಗಬೇಕು. ಅದರ ಬದಲು ನಮಗೆ ಸಿಗುವುದು 'ಬೇಗ ಮಾಡಿ, ಮುಗಿದುಹೋಗುತ್ತೆ' ಅನ್ನುವ ಮಾತು.

ನಿಜವಾದ ಲಿಮಿಟೆಡ್ ಎಡಿಷನ್

'ಆಟದ ಸಾಮಾನಿಗೆ ಇಷ್ಟೊಂದು ತಲೆಬಿಸಿಯಾ?' ಅಂತ ಕೇಳಬಹುದು. ಅದಕ್ಕೆ ಉತ್ತರ ಮೆಲ್ಬರ್ನ್‌ನಲ್ಲಿದೆ.

1928ರಿಂದ 1930ರ ಒಳಗೆ ನ್ಯೂಪೋರ್ಟ್‌ನಲ್ಲಿ ಎಸ್ ಕ್ಲಾಸ್ ಅನ್ನುವ 4 ಎಂಜಿನ್ ಕಟ್ಟಿದರು. 1937ರಲ್ಲಿ ಮೆಲ್ಬರ್ನ್‌ನಿಂದ ಆಲ್ಬರಿಗೆ 'ಸ್ಪಿರಿಟ್ ಆಫ್ ಪ್ರೋಗ್ರೆಸ್' ಓಡಿಸೋಕೆ ಅವಕ್ಕೆ ನೀಲಿ ಬಣ್ಣದ, ಗಾಳಿ ಸೀಳುವಂಥ ಹೊದಿಕೆ ತೊಡಿಸಿದರು. ಆ ಕಾಲದ ವಿಕ್ಟೋರಿಯಾದ ಹೆಮ್ಮೆ ಅದು. ಡೀಸೆಲ್ ಬಂತು, 1954ರ ಹೊತ್ತಿಗೆ ನಾಲ್ಕನ್ನೂ ಗುಜರಿಗೆ ಹಾಕಿ ಮುಗಿಸಿದ್ದರು. ಒಂದನ್ನೂ ಉಳಿಸಲಿಲ್ಲ. ಅದೇ ನ್ಯೂಪೋರ್ಟ್‌ನ ಎಚ್220, 'ಹೆವಿ ಹ್ಯಾರಿ', ಇನ್ನೊಂದು ಕಥೆ. ಮೂರು ಕಟ್ಟಬೇಕು ಅಂತ ಹೊರಟು, ಯುದ್ಧದ ನಡುವೆ 1941ರಲ್ಲಿ ಒಂದೇ ಒಂದು ಮುಗಿಯಿತು. ಅಡಿಲೇಡ್ ಲೈನಿಗೆ ಅಂತ ಮಾಡಿದರು, ಆ ದಾರಿಯ ಸೇತುವೆಗಳು ಅದರ ತೂಕಕ್ಕೆ ಸಿದ್ಧವಾಗಲಿಲ್ಲ. ಅದು ಈಗ ನ್ಯೂಪೋರ್ಟ್ ರೈಲ್ವೆ ಮ್ಯೂಸಿಯಂನಲ್ಲಿ ನಿಂತಿದೆ. ಒಂದರಲ್ಲಿ ಒಂದು. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಟ್ಟಿಲ್ಲ.

ಹ್ಯಾರಿಯನ್ನು ಹೋಗಿ ಮುಟ್ಟಿ ನೋಡಬಹುದು. ಎಸ್ ಕ್ಲಾಸನ್ನು ಮುಟ್ಟುವ ಹಾಗಿಲ್ಲ. ಫೋಟೋ ಇದೆ, ನಕ್ಷೆ ಇದೆ; ಆದರೆ ಅದರ ಸುತ್ತ ನಡೆದು, ಬಗ್ಗಿ, ಚಕ್ರದ ಎತ್ತರ ನೋಡಬೇಕಂದರೆ ಮಾದರಿ ಬಿಟ್ಟರೆ ಬೇರೆ ಗತಿ ಇಲ್ಲ. ಮೂಲ ಹಸ್ತಪ್ರತಿ ಸುಟ್ಟುಹೋಗಿ ನಕಲು ಮಾತ್ರ ಉಳಿದ ಗ್ರಂಥದ ಹಾಗೆ. ಅಂಥ ನಕಲನ್ನು ಮಾಡಿದವರಿಗೆ ಲಾಭ ಬರಲಿ, ಖಂಡಿತ ಬರಲಿ. ಆದರೆ ಅದು ಆದಷ್ಟು ಕಡಿಮೆ ಜನಕ್ಕೆ ಸಿಗುವುದೇ ಅದರ ಹೆಗ್ಗಳಿಕೆ ಅಂತ ಹೇಳಿ ಮಾರುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆ ಎಂಜಿನ್‌ಗಳು ಜನರ ದುಡ್ಡಲ್ಲಿ, ಸರ್ಕಾರಿ ವರ್ಕ್‌ಶಾಪಿನಲ್ಲಿ, ಟಿಕೆಟ್ ಕೊಂಡವರಿಗೆಲ್ಲ ಅಂತ ಆದವು.

1.9 ಮಿಲಿಮೀಟರ್

ಸಂಗ್ರಾಹಕರಲ್ಲಿ ರಿವೆಟ್ ಎಣಿಸುವವರು ಅಂತ ಒಂದು ಪಂಗಡ ಇದೆ. ಟೆಂಡರಿನ ಮೇಲೆ ಒಂದು ಸಾಲು ಮೊಳೆ ತಪ್ಪಿದರೂ ಅವರು ಬಿಡುವುದಿಲ್ಲ. ಅವರೇ ಸದ್ದಿಲ್ಲದೆ ನುಂಗಿಕೊಂಡ ಒಂದು ದೊಡ್ಡ ತಪ್ಪಿದೆ.

ನ್ಯೂ ಸೌತ್ ವೇಲ್ಸ್‌ನಲ್ಲಿ ಹಳಿಗಳ ನಡುವಿನ ಅಂತರ 1,435 ಮಿಲಿಮೀಟರ್. ವಿಕ್ಟೋರಿಯಾದಲ್ಲಿ 1,600. ಅದಕ್ಕೇ 1962ರಲ್ಲಿ ಹೊಸ ಹಳಿ ಬರುವ ತನಕ ಸಿಡ್ನಿ–ಮೆಲ್ಬರ್ನ್ ಪ್ರಯಾಣಿಕರು ಗಡಿಯ ಆಲ್ಬರಿಯಲ್ಲಿ ಇಳಿದು ಬೇರೆ ರೈಲು ಹತ್ತಬೇಕಿತ್ತು. 1895ರಲ್ಲಿ ಹಾಗೆ ಇಳಿದವರಲ್ಲಿ ಮಾರ್ಕ್ ಟ್ವೇನ್ ಕೂಡ ಒಬ್ಬರು. ಈ ವ್ಯವಸ್ಥೆಯನ್ನು ಅವರು ಚೆನ್ನಾಗಿ ಲೇವಡಿ ಮಾಡಿ ಬರೆದರು. ಮೀಟರ್ ಗೇಜ್, ಬ್ರಾಡ್ ಗೇಜ್ ಅಂತ ಗಂಟುಮೂಟೆ ಹೊತ್ತು ಪ್ಲಾಟ್‌ಫಾರಂ ಬದಲಿಸಿದ ನಮ್ಮ ಅಪ್ಪ-ಅಮ್ಮಂದಿರಿಗೆ ಇದು ಹೊಸದಲ್ಲ.

ಈಗ 87ರಿಂದ ಭಾಗಿಸಿ. ಸಿಡ್ನಿಯ ಹಳಿ 16.5 ಮಿಲಿಮೀಟರ್ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯೂ ಅಷ್ಟೇ. ಮೆಲ್ಬರ್ನ್‌ನದು 18.4 ಆಗಬೇಕು. ಆದರೂ ವಿಕ್ಟೋರಿಯಾದ ಮಾದರಿಗಳು ಸಾಮಾನ್ಯವಾಗಿ ಬರುವುದು 16.5ರಲ್ಲೇ. ಅಂದರೆ ಮೊಳೆ ಎಣಿಸುವವರ ಎಂಜಿನ್ 1.9 ಮಿಲಿಮೀಟರ್ ಇಕ್ಕಟ್ಟಾದ ಕಾಲಿನ ಮೇಲೆ ನಿಂತಿದೆ.

ಯಾಕೆ ಒಪ್ಪಿಕೊಂಡರು? ಹಳಿ ಒಂದೇ ಆದರೆ ನನ್ನ ಎಂಜಿನ್ ನಿಮ್ಮನೆಯಲ್ಲೂ ಓಡುತ್ತದೆ, ಕ್ಲಬ್ಬಿನಲ್ಲೂ ಓಡುತ್ತದೆ, ಸಿಡ್ನಿಯದ್ದೂ ಮೆಲ್ಬರ್ನ್‌ದ್ದೂ ಒಂದರ ಹಿಂದೆ ಒಂದು ಹೋಗುತ್ತವೆ. ನಿಜವಾದ ಎರಡು ರಾಜ್ಯಗಳಿಗೆ ಒಂದು ಶತಮಾನದ ಹತ್ತಿರ ಮಾಡಲಾಗದ್ದನ್ನು ಈ ಹವ್ಯಾಸದವರು ಒಂದು ಸಣ್ಣ ಸುಳ್ಳಿನಿಂದ ಸಾಧಿಸಿದರು. ಈ ಹವ್ಯಾಸದ ನಿಜವಾದ ಮೌಲ್ಯ ಅಲ್ಲಿದೆ ಅಂತ ನನಗನಿಸುತ್ತೆ. ಹಂಚಿಕೊಳ್ಳೋಕೋಸ್ಕರ ನಿಖರತೆಯನ್ನೇ ಬಿಟ್ಟುಕೊಟ್ಟವರಿಗೆ, 'ಬೇರೆಯವರ ಹತ್ತಿರ ಇರೋದಿಲ್ಲ' ಅಂತ ಹೇಳಿ ವಸ್ತು ಮಾರುತ್ತಿದ್ದಾರೆ. ಸೀಲ್ ಒಡೆದರೆ ಬೆಲೆ ಇಳಿಯುತ್ತೆ ಅಂತ ಎಷ್ಟೋ ಎಂಜಿನ್‌ಗಳು ಒಂದು ಸುತ್ತೂ ಓಡದೆ ಡಬ್ಬಿಯಲ್ಲೇ ಮುದಿಯಾಗುತ್ತಿವೆ.

ಗೊಂಬೆ ಕೂರಿಸುವ ಮನೆ

ಸಂಗ್ರಹಕ್ಕೆ ಇನ್ನೊಂದು ರೀತಿ ಇದೆ. ಅದು ನಮಗೆ ಚೆನ್ನಾಗಿ ಗೊತ್ತು. ದಸರಾದಲ್ಲಿ ಗೊಂಬೆ ಕೂರಿಸುವ ಮನೆಯಲ್ಲೂ ಸಂಗ್ರಹ ಇರುತ್ತೆ. ಪಟ್ಟದ ಗೊಂಬೆ ಅಜ್ಜಿಯದು, ಚೆಟ್ಟಿಯಾರ್ ಗೊಂಬೆ ಯಾರೋ ಕೊಟ್ಟದ್ದು, ಮೂಲೆಯಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲು. ವರ್ಷಕ್ಕೊಮ್ಮೆ ಡಬ್ಬಿ ಬಿಚ್ಚಲೇಬೇಕು, ಊರ ಮಕ್ಕಳನ್ನು ಕರೆಯಲೇಬೇಕು, ಬಂದವರ ಕೈಗೆ ಗೊಂಬೆ ಬಾಗಿನ ಕೊಡಲೇಬೇಕು. ಯಾರೂ ನೋಡದ ಗೊಂಬೆಗೆ ಬೆಲೆಯೇ ಇಲ್ಲ. ಮೆಲ್ಬರ್ನ್‌ನ ಬಾಡಿಗೆ ಮನೆಯಲ್ಲಿ ಪುಸ್ತಕದ ಕಪಾಟನ್ನೇ ಮೆಟ್ಟಿಲು ಮಾಡಿ ಕೂರಿಸಿದರೂ ನಿಯಮ ಅದೇ.

ಆ ಮರದ ರೈಲಿನ ಊರು ಬೆಂಗಳೂರು–ಮೈಸೂರು ಲೈನಿನಲ್ಲೇ ಇದೆ. 1880ರ ದಶಕದಿಂದ 1990ರ ದಶಕದ ತನಕ ಅದು ಮೀಟರ್ ಗೇಜ್. ಆ ಹಳಿಗಳ ಮೇಲೆ ಓಡಿದ ವೈಪಿ ಎಂಜಿನ್‌ಗಳು ದೇಶದಲ್ಲಿ 800ಕ್ಕೂ ಹೆಚ್ಚು ಇದ್ದವು; ಯಾವ ಅರ್ಥದಲ್ಲೂ ಲಿಮಿಟೆಡ್ ಅಲ್ಲ. ಆದರೆ ಸಿಡ್ನಿಯಲ್ಲಿ ಹುಟ್ಟಿದ ಕನ್ನಡದ ಮಗುವಿಗೆ 'ಇದು ನಿಮ್ಮ ತಾತ ಓಡಾಡಿದ ರೈಲು' ಅಂತ ಕೈಗೆ ಕೊಡೋಣ ಅಂದರೆ 3801ರಷ್ಟು ಕೂಡ ಸುಲಭಕ್ಕೆ ಸಿಗುವುದಿಲ್ಲ. ಯಾವುದರ ಮಾದರಿ ಉಳಿಯುತ್ತೆ ಅನ್ನುವುದನ್ನು ತೀರ್ಮಾನಿಸುವುದು ಆ ಎಂಜಿನ್ ಎಷ್ಟು ಜನರನ್ನು ಹೊತ್ತಿತು ಅನ್ನುವುದಲ್ಲ. ಮುಂಗಡ ಕಟ್ಟುವವರು ಎಷ್ಟು ಜನ ಇದ್ದಾರೆ ಅನ್ನುವುದು.

ಹಾಗಾಗಿ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಕೊಳ್ಳಿ, ಆದರೆ ಮೊದಲು ಆ ಮೂರು ಪ್ರಶ್ನೆ ಕೇಳಿ. ಉತ್ತರ ಕೊಡುವ ತಯಾರಕರು ಇದ್ದರೆ ಸ್ವಲ್ಪ ಹೆಚ್ಚೇ ಕೊಟ್ಟು ಅವರಿಂದ ಕೊಳ್ಳಿ. ಡಬ್ಬಿ ಬಂದ ದಿನವೇ ಸೀಲ್ ಒಡೆದು ಓಡಿಸಿ. ರಜಕ್ಕೆ ಊರಿಗೆ ಹೋದಾಗ ಮಕ್ಕಳನ್ನು ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿ. 1979ರಿಂದ ಹಳೆಯ ಎಂಜಿನ್‌ಗಳು ಅಲ್ಲಿ ಬಯಲಲ್ಲೇ ನಿಂತಿವೆ. ಸೆಲ್ಫಿ ಆದಮೇಲೆ ನಾಲ್ಕೂ ಕಡೆಯಿಂದ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ನಾಳೆ ಯಾರಾದರೂ ಆ ಎಂಜಿನ್ನಿನ ಮಾದರಿ ಮಾಡೋಕೆ ಕೂತರೆ ಅವರಿಗೆ ಬೇಕಾಗುವುದು ಅದು.