ಒಡಲು, ಕಂಠ, ಬಾಯಿ

ನೀರು ತುಂಬದ, ಕಾಳು ಹಾಕಿಡದ ಮಣ್ಣಿನ ಪಾತ್ರೆಯನ್ನು ಗ್ಯಾಲರಿಯಲ್ಲಿಟ್ಟು ಕಲೆ ಎಂದರೆ ಅನೇಕರಿಗೆ ಅನುಮಾನ. ಬಳಕೆ ತಪ್ಪಿದ ಮೇಲೆ ಪಾತ್ರೆಯಲ್ಲಿ ಉಳಿಯುವುದಾದರೂ ಏನು? ಈ ಪ್ರಶ್ನೆಗೆ ನಾನು ಕಂಡ ಬಲವಾದ ಉತ್ತರ ಮ್ಯಾಗ್ಡಲೀನ್ ಒಡುಂಡೊ ಅವರ ಗಡಿಗೆಗಳು.

1950ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಒಡುಂಡೊ 1971ರಲ್ಲಿ ಇಂಗ್ಲೆಂಡಿಗೆ ಹೋದದ್ದು ಗ್ರಾಫಿಕ್ ವಿನ್ಯಾಸ ಕಲಿಯಲು. ಮನಸ್ಸು ಮಣ್ಣಿಗೆ ಒಲಿದದ್ದು ಅಲ್ಲಿಯೇ. ಕೈಗೆ ದಾರಿ ಸಿಕ್ಕಿದ್ದು ಮಾತ್ರ ನೈಜೀರಿಯಾದ ಅಬುಜಾ ಕುಂಬಾರಿಕೆ ಕೇಂದ್ರದಲ್ಲಿ. ಲಾಡಿ ಕ್ವಾಲಿಯವರಂಥ ಗ್ವಾರಿ ಸಮುದಾಯದ ಹೆಂಗಸರು ಅಲ್ಲಿ ತಿಗರಿಯಿಲ್ಲದೆ, ಗಡಿಗೆಯ ಸುತ್ತ ತಾವೇ ಸುತ್ತುತ್ತ ಅದನ್ನು ಕಟ್ಟುತ್ತಿದ್ದರು. ಒಡುಂಡೊ ತಮ್ಮ ಗಡಿಗೆಗಳನ್ನು ಕಟ್ಟುವುದೂ ತಿಗರಿಯಿಲ್ಲದೆಯೇ. ಹೊಸೆದ ಮಣ್ಣನ್ನು ಸುರುಳಿ ಸುರುಳಿಯಾಗಿ ಏರಿಸಿ, ಹೆರೆದು, ತಿಳಿಗೆಸರು ಬಳಿದು, ಹೊಳಪು ಬರುವತನಕ ಉಜ್ಜುತ್ತಾರೆ. ಗಾಜಿನಂಥ ಗ್ಲೇಜ್ ಲೇಪವಿಲ್ಲ. ಮಿನುಗುವುದು ಮಣ್ಣಿನ ಮೈಯೇ.

ಬಣ್ಣ ಬೆಂಕಿಯದು. ಗಾಳಿ ಧಾರಾಳವಾಗಿ ಆಡುವ ಆವಿಗೆಯಲ್ಲಿ ಮಣ್ಣಿನೊಳಗಿನ ಕಬ್ಬಿಣದ ಅಂಶ ಕೆಂಪು ಕಿತ್ತಳೆಗೆ ತಿರುಗುತ್ತದೆ. ಗಾಳಿ ಕಟ್ಟಿ ಮತ್ತೊಮ್ಮೆ ಸುಟ್ಟರೆ ಅದೇ ಮೈ ಕಪ್ಪಾಗುತ್ತದೆ. ಕೆಲವು ಗಡಿಗೆಗಳಲ್ಲಿ ಎರಡೂ ಬಣ್ಣ ಬೆರೆತಿರುತ್ತವೆ. ನನಗೆ ಅವೇ ಹೆಚ್ಚು ಪ್ರಿಯ: ಕುಂಚ ಎಳೆಯಲಾರದ ಗಡಿರೇಖೆ ಅಲ್ಲಿದೆ.

ಈ ಗಡಿಗೆಗಳನ್ನು ನೋಡುವ ಕ್ರಮವೊಂದಿದೆ. ಎದುರು ನಿಂತರೆ ಸಾಲದು, ಸುತ್ತು ಬರಬೇಕು. ಒಂದು ಕಡೆಯಿಂದ ತುಂಬಿದ ಬಸಿರಿನಂತೆ ಕಂಡ ಒಡಲು ಇನ್ನೊಂದು ಕಡೆಯಿಂದ ತುಸು ವಾಲಿದೆ ಅನ್ನಿಸುತ್ತದೆ. ಕಂಠ ಹೆಗಲಿನಿಂದ ಮೇಲೇಳುವ ಜಾಗದಲ್ಲಿ ಕಣ್ಣು ನಿಲ್ಲಿಸಿ. ಅಲ್ಲಿ ತಿರುವು ಸ್ವಲ್ಪ ಬಿಗಿಯಾದರೂ ಇಡೀ ಆಕಾರ ಸತ್ತು ಹೋಗುತ್ತಿತ್ತು. ಕೊನೆಗೆ ಬಾಯಿ. ಅಗಲವಾಗಿ ಓರೆಯಾಗಿ ತೆರೆದ ಅಂಚು ನೋಟವನ್ನು ಒಳಗಿನ ಕತ್ತಲಿಗೆ ಕರೆದೊಯ್ಯುತ್ತದೆ. ಹೊರಗಿನ ಉಬ್ಬೆಲ್ಲ ಒಳಗಿನ ಟೊಳ್ಳಿನ ಒತ್ತಡದಿಂದ ಬಂದದ್ದೆಂದು ಆಗ ತಿಳಿಯುತ್ತದೆ.

2019ರಲ್ಲಿ ಇಂಗ್ಲೆಂಡಿನ ಹೆಪ್‌ವರ್ತ್ ವೇಕ್‌ಫೀಲ್ಡ್ ಗ್ಯಾಲರಿಯಲ್ಲಿ ಅವರ ಗಡಿಗೆಗಳು ಪ್ರಾಚೀನ ಪಾತ್ರೆಗಳ ಜೊತೆಗೂ ರೊದಾನ್, ದೆಗಾ ಅವರಂಥ ಕಲಾವಿದರ ಶಿಲ್ಪಗಳ ಜೊತೆಗೂ ನಿಂತವು. ಶಿಲ್ಪದ ಪಕ್ಕದಲ್ಲಿ ನಿಲ್ಲಲು ಅವು ಗಡಿಗೆತನವನ್ನು ಬಿಟ್ಟುಕೊಡಬೇಕಾಗಲಿಲ್ಲ. ನೀರು ಹೊರದಿದ್ದರೂ ಒಡಲು, ಕಂಠ, ಬಾಯಿ ಒಂದೂ ಕಳೆದುಹೋಗಿಲ್ಲ.

ಕಲೆಯಾಗುವ ಆತುರದಲ್ಲಿ ಪಾತ್ರೆಯನ್ನು ಸೀಳಿ, ತಿರುಚಿ, ಟೊಳ್ಳನ್ನೇ ಮುಚ್ಚಿಬಿಡುವ ಕೆಲಸಗಳನ್ನು ಇಂದು ಬೇಕಾದಷ್ಟು ನೋಡುತ್ತೇವೆ. ಅವುಗಳ ಮುಂದೆ ನಿಂತಾಗ ನನ್ನ ಪರೀಕ್ಷೆ ಒಂದೇ: ಒಳಗಿನ ಖಾಲಿ ಜಾಗ ಹೊರಗಿನ ಗೋಡೆಯನ್ನು ರೂಪಿಸಿದೆಯೇ? ರೂಪಿಸಿದ್ದರೆ ಅದು ಪಾತ್ರೆಯೂ ಹೌದು, ಕಲೆಯೂ ಹೌದು.